ನಮ್ಮ ಕ್ಲಬ್ಬಿಗೆ ನಾವೇ ಹಾಡು ಮಾಡಿದ್ದು

ನಮ್ಮ ಫುಟ್‌ಬಾಲ್ ಕ್ಲಬ್ಬಿಗೊಂದು ಹಾಡು ಬೇಕು ಅಂತ ಮೊದಲು ತಗಾದೆ ತೆಗೆದವನು ಡ್ರಮ್ ಬಾರಿಸುವ ಗೆಳೆಯ. ಗೋಲ್‌ಪೋಸ್ಟ್ ಹಿಂದಿನ ಸ್ಟ್ಯಾಂಡಿನಲ್ಲಿ ತೊಂಬತ್ತು ನಿಮಿಷವೂ ನಿಂತೇ ಕೂಗುವ ಗುಂಪು ನಮ್ಮದು. ಆದರೆ ಕೂಗಲು ನಮ್ಮ ಹತ್ತಿರ ಇದ್ದದ್ದೇನು? ಕ್ಲಬ್ಬಿನ ಹೆಸರು, ಮೂರು ಚಪ್ಪಾಳೆ, ಮತ್ತೆ ಕ್ಲಬ್ಬಿನ ಹೆಸರು. ರೆಫರಿಗೆ ಬೈಯಲು ಒಂದೆರಡು ಸಾಲು. ಟಿವಿಯಲ್ಲಿ ದೊಡ್ಡ ಕ್ಲಬ್ಬುಗಳ ಪಂದ್ಯ ನೋಡಿ ಎತ್ತಿಕೊಂಡ ಒಂದಿಷ್ಟು ರಾಗ. "ಇದನ್ನೇ ಇನ್ನೆಷ್ಟು ಸೀಸನ್ ಬಾರಿಸೋದು ಗುರು? ನನಗೇ ಬೇಜಾರು ಬಂದಿದೆ" ಅಂದ.

ಘೋಷಣೆಯೇ ಬೇರೆ, ಹಾಡೇ ಬೇರೆ. ಘೋಷಣೆ ಆಟದ ಜೊತೆ ಓಡುತ್ತದೆ. ಕಾರ್ನರ್ ಸಿಕ್ಕರೆ ಒಂದು, ಗೋಲಾದರೆ ಇನ್ನೊಂದು. ಹಾಡು ಹಾಗಲ್ಲ. ಎರಡು ಗೋಲು ಹಿಂದೆ ಬಿದ್ದಾಗಲೂ, ಮೈದಾನದಲ್ಲಿ ಏನೂ ನಡೆಯದೇ ಇದ್ದಾಗಲೂ ಅದು ಬಾಯಲ್ಲಿರಬೇಕು. ನಮಗೆ ಬೇಕಾಗಿದ್ದು ಅಂಥದ್ದು. ಅದನ್ನು ರೆಕಾರ್ಡ್ ಮಾಡಿ ಬಿಡುಗಡೆ ಮಾಡೋಣ, ಹೊಸ ಸೀಸನ್‌ಗೆ ಮೊದಲೇ ಎಲ್ಲರ ಫೋನಿನಲ್ಲೂ ಇರಲಿ ಅನ್ನುವುದು ಆಮೇಲೆ ಸೇರಿಕೊಂಡ ಆಸೆ. ಫೋನಿಗೆ ಬೇಕಾದ ಹಾಡು ಸ್ಟ್ಯಾಂಡಿಗೆ ಆಗಿಬರುವುದಿಲ್ಲ, ಸ್ಟ್ಯಾಂಡಿಗೆ ಬೇಕಾದದ್ದು ಫೋನಿನಲ್ಲಿ ಬೋಳು ಬೋಳು ಅನಿಸುತ್ತದೆ. ನಮ್ಮ ಅರ್ಧ ಜಗಳ ಹುಟ್ಟಿದ್ದೇ ಇಲ್ಲಿಂದ.

ಮೊದಲನೆಯ ಜಗಳ ರಾಗದ್ದು. ಹೊಸ ರಾಗ ಯಾಕೆ, ಎಲ್ಲರಿಗೂ ಗೊತ್ತಿರುವ ರಾಗಕ್ಕೆ ನಮ್ಮ ಮಾತು ಕೂರಿಸಿದರೆ ಸಾಕು ಅಂತ ಗುಂಪಿನಲ್ಲಿ ಅರ್ಧ ಜನ. ಅವರ ವಾದದಲ್ಲಿ ಹುರುಳಿತ್ತು. ಫುಟ್‌ಬಾಲ್ ಸ್ಟ್ಯಾಂಡುಗಳ ಹಾಡುಗಳಲ್ಲಿ ಬಹುಪಾಲು ಎರವಲು ತಂದವೇ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಬೆಂಬಲಿಗರು ಸ್ಕಾರ್ಫ್ ಎತ್ತಿ ಹಿಡಿದು ಹಾಡುವ 'ಯೂ ವಿಲ್ ನೆವರ್ ವಾಕ್ ಅಲೋನ್' ಹುಟ್ಟಿದ್ದು 1945ರ ಒಂದು ಅಮೆರಿಕನ್ ಸಂಗೀತ ನಾಟಕದಲ್ಲಿ. 1963ರಲ್ಲಿ ಲಿವರ್‌ಪೂಲಿನದೇ ಒಂದು ಬ್ಯಾಂಡ್ ಅದನ್ನು ಮತ್ತೆ ಹಾಡಿತು. ಸ್ಟ್ಯಾಂಡ್ ಅದನ್ನು ಎತ್ತಿಕೊಂಡಿತು, ವಾಪಸ್ ಕೊಡಲೇ ಇಲ್ಲ. ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ಬಿನವರ ಸೋಪಿನ ಗುಳ್ಳೆಯ ಹಾಡೂ ಅಮೆರಿಕದಿಂದಲೇ ಬಂದದ್ದು. 2018ರಲ್ಲಿ ಲಿವರ್‌ಪೂಲ್‌ನವರು ಯುರೋಪಿನಲ್ಲಿ ಹೋದಲ್ಲೆಲ್ಲ ಹಾಡಿದ 'ಅಲೇ ಅಲೇ ಅಲೇ'ಯ ರಾಗ 1985ರ ಒಂದು ಇಟಾಲಿಯನ್ ಪಾಪ್ ಹಾಡಿನದು. ಅದು ಇಟಲಿಯ ಸ್ಟ್ಯಾಂಡುಗಳನ್ನೆಲ್ಲ ಸುತ್ತಿ ಇವರ ಹತ್ತಿರ ಬಂದಿತ್ತು.

ನನಗೆ ಜಾಸ್ತಿ ಇಷ್ಟವಾದ ಕಥೆ 'ಸೆವೆನ್ ನೇಷನ್ ಆರ್ಮಿ' ಅನ್ನುವ ರಾಕ್ ಹಾಡಿನದು. 2003ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್ ಬೆಂಬಲಿಗರು ಎಸಿ ಮಿಲಾನ್ ವಿರುದ್ಧದ ಪಂದ್ಯಕ್ಕೆ ಮಿಲಾನ್‌ಗೆ ಹೋಗಿದ್ದರು. ಬಾರೊಂದರಲ್ಲಿ ಆ ಹಾಡು ಕಿವಿಗೆ ಬಿತ್ತು. ಮಾತನ್ನೆಲ್ಲ ಬಿಟ್ಟರು. ಶುರುವಿನ ಆ ಏಳು ಸ್ವರಗಳನ್ನು ಮಾತ್ರ ಎತ್ತಿಕೊಂಡು 'ಓ' ಅಂತ ಕೂಗತೊಡಗಿದರು. ಆ ದಿನ ಬ್ರೂಗ್ 1-0ಯಿಂದ ಗೆದ್ದಿತು, ರಾಗ ಅವರ ಜೊತೆ ಊರಿಗೆ ಹೋಯಿತು. 2006ರಲ್ಲಿ ಅಲ್ಲಿಗೆ ಆಡಲು ಬಂದ ರೋಮಾ ಕ್ಲಬ್ಬಿನವರು ಅದನ್ನು ಕೇಳಿ ಇಟಲಿಗೆ ತಂದರು. ಅದೇ ವರ್ಷ ಇಟಲಿ ವಿಶ್ವಕಪ್ ಗೆದ್ದಾಗ ಬೀದಿ ಬೀದಿಯಲ್ಲಿ ಅದೇ ರಾಗ. ಮಾತೇ ಇಲ್ಲದ್ದು ಇಷ್ಟು ದೂರ ನಡೆಯಿತಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆದರೆ ಎರವಲು ರಾಗ ನಮಗೆ ಒಗ್ಗಲಿಲ್ಲ. ಕಾರಣ ಅಭಿಮಾನವಲ್ಲ, ಕಾನೂನು. ಸ್ಟ್ಯಾಂಡಿನಲ್ಲಿ ನಿಂತು ಯಾರ ರಾಗವನ್ನಾದರೂ ಹಾಡಿ, ಯಾರೂ ಬಂದು ಕೇಳುವುದಿಲ್ಲ. ಬಿಡುಗಡೆ ಅಂದ ಕೂಡಲೇ ಲೆಕ್ಕ ಬೇರೆ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ರಾಗ, ಸಾಹಿತ್ಯದ ಹಕ್ಕು ಬರೆದವರದು. ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸಿದವರದು. ನಾವೇ ಹೊಸದಾಗಿ ಹಾಡಿದರೆ ಎರಡನೆಯದರ ತಲೆನೋವು ತಪ್ಪುತ್ತದೆ, ಮೊದಲನೆಯದು ಹಾಗೇ ಉಳಿಯುತ್ತದೆ. ಇದ್ದ ಹಾಡನ್ನು ಇದ್ದ ಹಾಗೆ ಹಾಡಿ ಬಿಡುಗಡೆ ಮಾಡಲು ಪರವಾನಗಿ ಪಡೆಯುವುದು ಅಷ್ಟು ಕಷ್ಟವಲ್ಲ. ಮಾತು ಬದಲಿಸುತ್ತೀವಿ ಅಂದರೆ ಹಕ್ಕುದಾರರ ಒಪ್ಪಿಗೆ ಬೇರೆಯಾಗಿ ಬೇಕು. ನಾವು ಮಾಡಹೊರಟಿದ್ದು ಅದನ್ನೇ. ಒಂದು ರಾಗಕ್ಕಾಗಿ ಪತ್ರ ಬರೆದು ನೋಡಿದೆವು. ಉತ್ತರವೇ ಬರಲಿಲ್ಲ. ಹಳೆಯ ರಾಗಗಳಿಗೆ ಈ ತೊಂದರೆ ಇಲ್ಲ, ಬರೆದವರು ಸತ್ತು 70 ವರ್ಷ ಕಳೆದರೆ ಹಲವು ದೇಶಗಳಲ್ಲಿ ಅದು ಎಲ್ಲರ ಸೊತ್ತು. ಆ ದಾರಿಯಲ್ಲೂ ಹುಡುಕುತ್ತಿದ್ದೆವು. ಅಷ್ಟರಲ್ಲಿ ನಮ್ಮ ಗುಂಪಿನ ಗಿಟಾರ್ ಹುಡುಗ ತಾನೇ ಒಂದು ರಾಗ ಕಟ್ಟಿಕೊಂಡು ಬಂದ.

ಹೊಸದಾಗಿ ಮಾಡಿಸಿದ ಹಾಡು ನಿಲ್ಲುವುದಿಲ್ಲ ಅಂತ ಕೆಲವರು ಗೊಣಗಿದರು. ನಾನು ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಕಥೆ ಹೇಳಿದೆ. 'ಬ್ಲೂ ಈಸ್ ದ ಕಲರ್' ಹಾಡನ್ನು ಆ ಕ್ಲಬ್ಬಿನ ಆಟಗಾರರೇ ಹಾಡಿದ್ದು, 1972ರ ಲೀಗ್ ಕಪ್ ಫೈನಲ್‌ಗಾಗಿ. ಫೈನಲ್‌ನಲ್ಲಿ ಚೆಲ್ಸಿ ಸ್ಟೋಕ್ ಸಿಟಿಗೆ 2-1ರಿಂದ ಸೋತಿತು. ಕಪ್ಪು ಹೋಯಿತು, ಹಾಡು ಇವತ್ತಿಗೂ ಇದೆ. "ಹಾಗಾದ್ರೆ ನಾವೂ ಸೋಲ್ತೀವಿ ಅಂತಾಯ್ತು" ಅಂದ ಡ್ರಮ್ಮಿನವನು. ಗೊಣಗಾಟ ಅಲ್ಲಿಗೆ ಮುಗಿಯಿತು.

ಸಾಹಿತ್ಯಕ್ಕೆ ಗುಂಪಿನಲ್ಲಿ ಎಲ್ಲರೂ ಸಾಲು ಕಳಿಸಿ ಅಂದೆವು. ಸಾಲುಗಳ ಮಳೆಯೇ ಸುರಿಯಿತು. ಸಿಂಹ ಬಂತು, ಹುಲಿ ಬಂತು, ಬೆಂಕಿ, ರಕ್ತ, ಸಿಡಿಲು, ರಣರಂಗ ಎಲ್ಲ ಬಂದವು. ಓದುತ್ತಾ ಹೋದ ಹಾಗೆ ನನಗೆ ಒಂದು ಅನುಮಾನ. ಇದರಲ್ಲಿ ಕ್ಲಬ್ಬಿನ ಹೆಸರು ತೆಗೆದು ಎದುರಾಳಿಯ ಹೆಸರು ಹಾಕಿದರೂ ಏನೂ ಬದಲಾಗುವುದಿಲ್ಲ ಅಲ್ವಾ? ಆ ಸಿಂಹ ಅವರಿಗೂ ಹಾಗೇ ಗರ್ಜಿಸುತ್ತದೆ. ಅವನ್ನೆಲ್ಲ ಬದಿಗಿಟ್ಟೆವು. ಒಂದಿಬ್ಬರಿಗೆ ಸಿಟ್ಟು ಬಂತು, ಇರಲಿ.

ಆಟಗಾರರ ಹೆಸರು ಬೇಡ ಅನ್ನುವುದು ಎರಡನೆಯ ತೀರ್ಮಾನ. ಈ ಸೀಸನ್ ಇದ್ದವನು ಮುಂದಿನ ಸೀಸನ್ ಬೇರೆ ಅಂಗಿ ಹಾಕಿಕೊಂಡು ನಮ್ಮ ಮೇಲೆಯೇ ಗೋಲು ಹೊಡೆಯುತ್ತಾನೆ. ಅಲ್ಲದೆ ಹೆಸರಿನ ಹಾಡುಗಳ ದಾರಿಯೇ ಬೇರೆ. 2016ರ ಯೂರೋ ಕಪ್‌ನಲ್ಲಿ ಎಲ್ಲ ಕಡೆ ಕೇಳುತ್ತಿದ್ದದ್ದು ಉತ್ತರ ಐರ್ಲೆಂಡ್‌ನ ವಿಲ್ ಗ್ರಿಗ್ ಮೇಲಿನ ಹಾಡು. ವಿಗನ್ ಕ್ಲಬ್ಬಿನ ಬೆಂಬಲಿಗನೊಬ್ಬ 1990ರ ದಶಕದ ಒಂದು ಡಾನ್ಸ್ ಹಾಡಿನ ರಾಗಕ್ಕೆ ಅದನ್ನು ಹೊಂದಿಸಿದ್ದ. ಇಡೀ ಟೂರ್ನಿ ಅವನ ಹೆಸರು ಹಾಡಿತು. ಅವನನ್ನು ಮಾತ್ರ ಒಂದು ನಿಮಿಷವೂ ಮೈದಾನಕ್ಕೆ ಇಳಿಸಲಿಲ್ಲ. ಅಂಥ ಹಾಡುಗಳನ್ನು ಸ್ಟ್ಯಾಂಡ್ ತಾನೇ ಹುಟ್ಟಿಸಿ ತಾನೇ ಬಿಡುತ್ತದೆ. ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸುವ ಹಾಡಿಗೆ ಅದು ಹೊಂದುವುದಿಲ್ಲ.

ದೊಡ್ಡ ಚರ್ಚೆ ಆದದ್ದು ಸೋಲಿನ ಮೇಲೆ. ಹುರಿದುಂಬಿಸುವ ಹಾಡಿನಲ್ಲಿ ಸೋಲಿನ ಮಾತೇ ಬರಬಾರದು, ಅಪಶಕುನ ಅಂತ ಕೆಲವರು. ನಮ್ಮ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತ ಕರೆಯುತ್ತೀವಿ. ಕ್ಲಬ್ಬು ಕೆಳಗಿನ ಡಿವಿಷನ್‌ಗೆ ಬಿದ್ದ ಕಾಲದಲ್ಲೂ ಬಂದು ಕೂತವರು. ಅವರು ಕೇಳಿದರು: "ಗೆದ್ದಾಗ ಯಾರು ಬೇಕಾದ್ರೂ ಹಾಡ್ತಾರಪ್ಪ. ನಮಗೆ ಹಾಡು ಬೇಕಾಗಿರೋದು ಯಾವಾಗ?" ಇಂಗ್ಲೆಂಡಿನವರ 'ತ್ರೀ ಲಯನ್ಸ್' ನೆನಪಾಯಿತು. 1996ರಲ್ಲಿ ಬಂದ ಆ ಹಾಡು ಗೆಲ್ಲುತ್ತೀವಿ ಅಂತ ಎದೆ ತಟ್ಟಿಕೊಳ್ಳುವುದಿಲ್ಲ. ಕಪ್ ಇಲ್ಲದೆ ಮೂವತ್ತು ವರ್ಷ ನೊಂದ ಬೆಂಬಲಿಗನ ಮಾತು ಅದು. 2018ರಲ್ಲಿ, ಅಷ್ಟು ವರ್ಷಗಳ ಮೇಲೆ, ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಕೊನೆಗೆ ನಮ್ಮ ಪಲ್ಲವಿ ಹೀಗೆ ನಿಂತಿತು:

ಗೆದ್ದರೂ ಬರ್ತೀವಿ, ಸೋತರೂ ಬರ್ತೀವಿ,
ಓ ಓ ಓ, ನಾವ್ ಬರ್ತೀವಿ.

ಇಷ್ಟೇನಾ ಅಂತ ನೀವು ಕೇಳಬಹುದು. ಗುಂಪಿನಲ್ಲೂ ಕೇಳಿದರು. ಅದಕ್ಕೇ ನಾನು ಎರಡು ಚರಣ ಬರೆದೆ. ಮಳೆಗೆ ನೆನೆದ ಮೆಟ್ಟಿಲು, ಕಟ್ಟಿದ ಗಂಟಲು, ಕೊನೆಯ ಬಸ್ಸು ತಪ್ಪಿದ ರಾತ್ರಿ, ಹೀಗೆ. ಚೆನ್ನಾಗಿಯೇ ಬಂದಿದ್ದವು, ನಾನೇ ಹೇಳಬಾರದು.

ರಾಗವನ್ನು ಜನರ ಗಂಟಲಿಗೆ ಇಳಿಸುವ ಕೆಲಸ ಆಮೇಲೆ ಶುರುವಾಯಿತು. ಗಿಟಾರ್ ಹುಡುಗನ ದನಿ ಒಳ್ಳೆಯದು. ಅವನು ಸಲೀಸಾಗಿ ಮುಟ್ಟುವ ಮೇಲಿನ ಸ್ವರಕ್ಕೆ ನಾವು ಉಳಿದವರು ಹೋದರೆ ಕಿರುಚಾಟ. ಕೆಳಗೆ ಇಳಿಸಿದರೆ ಗೊಣಗಾಟ, ಹತ್ತು ಸಾಲು ಆಚೆ ಕೇಳಿಸುವುದಿಲ್ಲ. ಸ್ಟ್ಯಾಂಡಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇರುತ್ತಾರೆ. ಎಲ್ಲರಿಗೂ ಹೊಂದಬೇಕಾದರೆ ರಾಗದ ಹರವು ಒಂದು ಸ್ಥಾಯಿ ದಾಟಬಾರದು, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ನಮ್ಮ ಪಲ್ಲವಿಯನ್ನು ಐದೇ ಸ್ವರಕ್ಕೆ ಇಳಿಸಿದೆವು. ಮೇಲಿನ ಸ್ವರ ಬರುವುದು 'ಓ' ಮೇಲೆ ಮಾತ್ರ. ಬಾಯಿ ಪೂರ್ತಿ ತೆರೆದಾಗಲೇ ಮೇಲಕ್ಕೆ ಹೋಗುವುದು ಸುಲಭ. ಹುಡುಗನಿಗೆ ಇದೆಲ್ಲ ತನ್ನ ರಾಗವನ್ನು ಕತ್ತರಿಸಿ ಹಾಕಿದ ಹಾಗೆ. ಎರಡು ದಿನ ಮಾತಾಡಲಿಲ್ಲ.

ವೇಗದ ವಿಷಯದಲ್ಲಿ ಭೌತಶಾಸ್ತ್ರವೇ ನಡುವೆ ಬಂತು. ಇದು ನನಗೆ ಮೊದಲು ಹೊಳೆದೇ ಇರಲಿಲ್ಲ, ಹೇಳಿಕೊಟ್ಟವರು ಸ್ಟುಡಿಯೋದ ಸೌಂಡ್ ಎಂಜಿನಿಯರ್. ಫುಟ್‌ಬಾಲ್ ಮೈದಾನದ ಉದ್ದ ಸಾಮಾನ್ಯವಾಗಿ 105 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಈ ತುದಿಯ ಡ್ರಮ್ ಏಟು ಆ ತುದಿಗೆ ಮುಟ್ಟಲು 0.3 ಸೆಕೆಂಡ್ ಬೇಕು. ನಿಮಿಷಕ್ಕೆ 120 ಏಟಿನ ಹಾಡಾದರೆ ಏಟಿನಿಂದ ಏಟಿಗೆ ಇರುವುದೇ ಅರ್ಧ ಸೆಕೆಂಡ್. ಆ ತುದಿಯವರು ಕೇಳಿಸಿಕೊಂಡು ಚಪ್ಪಾಳೆ ತಟ್ಟುವಷ್ಟರಲ್ಲಿ ಇಲ್ಲಿ ಅರ್ಧ ಏಟು ಮುಂದೆ ಹೋಗಿರುತ್ತದೆ. ಅವರ ಚಪ್ಪಾಳೆ ವಾಪಸ್ ಬರುವುದಕ್ಕೆ ಮತ್ತೆ ಅಷ್ಟೇ ಹೊತ್ತು. ನಾಲ್ಕೂ ಕಡೆ ಸೇರಿ ಹಾಡಿದಾಗ ಯಾಕೆ ಗಲಿಬಿಲಿ ಆಗುತ್ತದೆ ಅನ್ನುವುದು ಆಗ ಅರ್ಥವಾಯಿತು. ಒಂದೇ ಸ್ಟ್ಯಾಂಡಿನ ಒಳಗೂ ಈ ಮೂಲೆಗೂ ಆ ಮೂಲೆಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಇದಕ್ಕೆ ಮದ್ದು ಎರಡು. ಹಾಡು ನಿಧಾನ ಇರಬೇಕು, ಸಾಲಿನ ಕೊನೆಯಲ್ಲಿ ಎಳೆಯಲು ಜಾಗ ಇರಬೇಕು, ಹಿಂದೆ ಬಿದ್ದವರು ಅಲ್ಲಿ ಬಂದು ಸೇರಿಕೊಳ್ಳುತ್ತಾರೆ. ನಾವು ನಿಮಿಷಕ್ಕೆ 90 ಏಟಿನ ಆಸುಪಾಸಿಗೆ ಇಳಿದೆವು. ಇನ್ನೊಂದು, ತಾಳವನ್ನು ಕಿವಿಯಿಂದ ಹಿಡಿಯುವ ಬದಲು ಕಣ್ಣಿನಿಂದ ಹಿಡಿಯಬೇಕು. ಇಟಲಿಯ ಸ್ಟ್ಯಾಂಡುಗಳಲ್ಲಿ ಕಾಪೊ ಅಂತ ಒಬ್ಬ ಇರುತ್ತಾನೆ. ಮೈದಾನಕ್ಕೆ ಬೆನ್ನು ಹಾಕಿ, ಮೆಗಾಫೋನ್ ಹಿಡಿದು, ಕೈ ಬೀಸಿ ಹಾಡಿಸುವವನು. ಪಾಪ, ಪಂದ್ಯವನ್ನೇ ನೋಡುವುದಿಲ್ಲ ಅಂತ ನಾನು ಮರುಕ ಪಡುತ್ತಿದ್ದೆ. ಅವನ ಕೈ ಎಲ್ಲರಿಗೂ ಒಂದೇ ಕ್ಷಣಕ್ಕೆ ಕಾಣುತ್ತದೆ, ಡ್ರಮ್ ಒಂದೊಂದು ಸಾಲಿಗೆ ಒಂದೊಂದು ಹೊತ್ತಿಗೆ ಕೇಳುತ್ತದೆ. ಅವನ ಕೆಲಸ ಏನು ಅಂತ ಆವತ್ತು ತಿಳಿಯಿತು.

ರೆಕಾರ್ಡಿಂಗ್ ದಿನ ಸ್ಟುಡಿಯೋಗೆ ಹೋದದ್ದು ಹನ್ನೆರಡು ಹದಿಮೂರು ಜನ. ಚಿಕ್ಕ ರೂಮು. ಸಾವಿರಾರು ಜನರ ದನಿ ಇಲ್ಲಿಂದ ಹೇಗೆ ಬರುತ್ತದೆ ಅಂತ ಎಲ್ಲರಿಗೂ ಸಂದೇಹ. ಎಂಜಿನಿಯರ್‌ಗೆ ಇದು ಹೊಸದಲ್ಲ. ನಡುವೆ ಒಂದೇ ಮೈಕ್ ನಿಲ್ಲಿಸಿ ಸುತ್ತ ನಿಲ್ಲಿಸಿದರು. ಒಂದು ಟೇಕ್ ಆದ ಮೇಲೆ ಎಲ್ಲರೂ ಜಾಗ ಬದಲಿಸಬೇಕು. ಮುಂದಿದ್ದವರು ಹಿಂದೆ, ಹಿಂದಿದ್ದವರು ಗೋಡೆಗೆ ಮುಖ ಮಾಡಿ. ಮತ್ತೊಂದು ಟೇಕ್‌ನಲ್ಲಿ ದನಿ ದಪ್ಪ ಮಾಡಿ ಹಾಡಿ ಅಂದರು, ಇನ್ನೊಂದರಲ್ಲಿ ಮಕ್ಕಳ ಹಾಗೆ. ಹೀಗೆ ತೆಗೆದ ಟೇಕ್‌ಗಳನ್ನು ಒಂದರ ಮೇಲೊಂದು ಹಾಕಿದಾಗ ಹದಿಮೂರು ಜನ ನೂರಾರು ಜನ ಆದರು. ಒಂದೇ ಜಾಗದಲ್ಲಿ ನಿಂತು ಹಾಡಿದ್ದರೆ ಅದೇ ಹದಿಮೂರು ಜನ ಜೋರಾಗಿ ಹಾಡಿದ ಹಾಗೆ ಕೇಳುತ್ತಿತ್ತು.

ತೊಂದರೆ ಆದದ್ದು ಕ್ಲಿಕ್ ಟ್ರ್ಯಾಕ್‌ನಿಂದ. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಕೇಳುತ್ತಿರುತ್ತದೆ, ಅದಕ್ಕೆ ಸರಿಯಾಗಿ ಹಾಡಬೇಕು. ನಮ್ಮ ಜನಕ್ಕೆ ಅದು ಆಗಲೇ ಇಲ್ಲ. ಹುಮ್ಮಸ್ಸು ಬಂದ ಹಾಗೆಲ್ಲ ಓಡುತ್ತಾರೆ. ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಕ್ಲಿಕ್ಕನ್ನು ಬಿಟ್ಟು ಮುಂದೆ ಹೋಗಿರುತ್ತಾರೆ. ಒಂದು ಕಿವಿಯ ಹೆಡ್‌ಫೋನ್ ತೆಗೆಯಿರಿ ಅಂದರು, ಪಕ್ಕದವರ ದನಿ ಕೇಳಿದರೆ ಸರಿಯಾಗಬಹುದು ಅಂತ. ಸ್ವಲ್ಪ ಸರಿಯಾಯಿತು. ಕೊನೆಗೆ ಡ್ರಮ್ ಗೆಳೆಯನನ್ನು ಗಾಜಿನ ಆಚೆ ನಿಲ್ಲಿಸಿ, ಅವನೊಬ್ಬನಿಗೇ ಕ್ಲಿಕ್ ಕೇಳಿಸಿ, ನಾವು ಅವನ ಕೈ ನೋಡಿಕೊಂಡು ಹಾಡಿದೆವು. ಆಗ ಕೂತಿತು.

ಅಣ್ಣನ ಪಾಡು ಬೇರೆ. ಅವರಿಗೆ ಶ್ರುತಿ ಅನ್ನುವುದೇ ಗೊತ್ತಿಲ್ಲ. ಎಂಜಿನಿಯರ್ ನಯವಾಗಿ "ಸರ್, ನೀವು ಚಪ್ಪಾಳೆ ನೋಡ್ಕೊಳ್ಳಿ" ಅಂದರು. ನಾವು ಒಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ಅಪಶ್ರುತಿ ಇದ್ದೇ ಇರುತ್ತದೆ. ಎಲ್ಲರೂ ಸರಿಯಾಗಿ ಹಾಡಿದರೆ ಅದು ಭಜನೆ ಮಂಡಳಿ ಆಗುತ್ತದೆ, ನಾವು ಆಗುವುದಿಲ್ಲ. ಅಣ್ಣನ ದನಿ ಈಗಲೂ ಹಾಡಿನ ಎಡಬದಿಯಲ್ಲಿದೆ. ಇಯರ್‌ಫೋನ್ ಹಾಕಿದರೆ ಗೊತ್ತಾಗುತ್ತದೆ.

ಹಿನ್ನೆಲೆಗೆ ನಿಜವಾದ ಸ್ಟ್ಯಾಂಡಿನ ಗದ್ದಲ ಬೇಕು ಅಂತ ಹಳೆಯ ಪಂದ್ಯಗಳಲ್ಲಿ ಫೋನಿನಲ್ಲಿ ತೆಗೆದ ವಿಡಿಯೋಗಳನ್ನು ಜಾಲಾಡಿದೆವು. ಗಾಳಿಯ ಶಬ್ದ ಇಲ್ಲದ, ಪಕ್ಕದವರ ಹರಟೆ ಇಲ್ಲದ ಇಪ್ಪತ್ತು ಸೆಕೆಂಡ್ ಸಿಗುವುದು ಎಷ್ಟು ಕಷ್ಟ ಅಂತೀರಿ! ಸಿಕ್ಕಿದ್ದರಲ್ಲೆಲ್ಲ ಯಾರೋ ಒಬ್ಬರು ಲೈನ್ಸ್‌ಮನ್‌ನ ವಂಶವನ್ನೇ ಜಾಲಾಡುತ್ತಿದ್ದರು. ಕೊನೆಗೆ ಒಂದು ತುಣುಕು ಸಿಕ್ಕಿತು. ಮಿಕ್ಸಿಂಗ್ ಎಲ್ಲ ಮುಗಿದ ಮೇಲೆ ನೋಡಿದರೆ ಅದರಲ್ಲೂ ಒಂದು ಬೈಗುಳ! ಡ್ರಮ್ ಏಟನ್ನು ಸರಿಯಾಗಿ ಅದರ ಮೇಲೆ ಕೂರಿಸಿ ಮುಚ್ಚಿದರು.

ಜೋರಿನ ಬಗ್ಗೆಯೂ ಒಂದು ಮಾತು. ಎಲ್ಲಕ್ಕಿಂತ ಜೋರಾಗಿ ಕೇಳಬೇಕು ಅಂತ ನಮ್ಮ ಬೇಡಿಕೆ. ಅದರಿಂದ ಉಪಯೋಗ ಇಲ್ಲ ಅಂದರು ಎಂಜಿನಿಯರ್. ಸ್ಪಾಟಿಫೈ ಥರದ ಕಡೆ ಎಲ್ಲ ಹಾಡುಗಳ ಜೋರನ್ನು ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ತಂದು ನುಡಿಸುತ್ತಾರೆ, ಅಲ್ಲಿ ಅದು ಜೋರು ಅಳೆಯುವ ಲೆಕ್ಕದಲ್ಲಿ ಸುಮಾರು -14 ಎಲ್‌ಯುಎಫ್‌ಎಸ್. ನೀವು ಎಷ್ಟೇ ಹಿಗ್ಗಿಸಿ ಕಳಿಸಿದರೂ ಅವರು ತಗ್ಗಿಸುತ್ತಾರೆ, ಡ್ರಮ್ಮಿನ ಪೆಟ್ಟು ಮಾತ್ರ ಚಪ್ಪಟೆಯಾಗಿ ಉಳಿಯುತ್ತದೆ. ಬೆಂಬಲಿಗರಿಗೆ ಜೋರಾಗಿ ಕೂಗಬೇಡಿ ಅಂತ ಒಪ್ಪಿಸುವುದು ಸುಲಭವಲ್ಲ. ಆದರೂ ಒಪ್ಪಿದೆವು.

ಕ್ಲಬ್ಬಿನ ಹೆಸರು ಹಾಡಿನಲ್ಲಿ ಇರುವುದರಿಂದ ಅವರನ್ನು ಕೇಳಲೇಬೇಕಿತ್ತು. ಹೆಸರು, ಲಾಂಛನ ಎರಡೂ ನೋಂದಾಯಿತ ಗುರುತುಗಳು. ಹಾಡು ಕೇಳಿ ಖುಷಿಪಟ್ಟರು, ಆಮೇಲೆ ಕಾನೂನು ನೋಡಿಕೊಳ್ಳುವವರ ಮೇಲ್ ಬಂತು. ಲಾಂಛನ ಮುಖಪುಟದ ಮೇಲೆ ಹಾಕುವಂತಿಲ್ಲ. ಇದು ಬೆಂಬಲಿಗರ ಹಾಡು, ಕ್ಲಬ್ಬಿನ ಅಧಿಕೃತ ಹಾಡಲ್ಲ ಅಂತ ಬರೆಯಬೇಕು. ಎರಡನೇ ಚರಣದಲ್ಲಿ ಪಕ್ಕದೂರಿನ ಕ್ಲಬ್ಬನ್ನು ಕೆಣಕುವ ಒಂದು ಸಾಲು ಇತ್ತು, ಅದನ್ನು ತೆಗೆಯಬೇಕು. ಎಲ್ಲದಕ್ಕೂ ಸರಿ ಅಂದೆವು. ಲಾಂಛನದ ಬದಲು ಕೈಯಲ್ಲಿ ಎತ್ತಿ ಹಿಡಿದ ಸ್ಕಾರ್ಫುಗಳ ಫೋಟೋ ಹಾಕಿದೆವು, ಬಣ್ಣವೇ ಎಲ್ಲ ಹೇಳುತ್ತದೆ. ಅಧಿಕೃತ ಅಲ್ಲ ಅನ್ನಿಸಿಕೊಳ್ಳುವುದು ನನಗಂತೂ ಇಷ್ಟವೇ ಆಯಿತು.

ಬಿಡುಗಡೆಯ ಕೆಲಸ ಅರ್ಧ ದಿನದ್ದು. ಸ್ಟ್ರೀಮಿಂಗ್ ಸೇವೆಗಳಿಗೆ ನೇರವಾಗಿ ಹಾಡು ಕೊಡಲು ಆಗುವುದಿಲ್ಲ, ನಡುವೆ ಒಬ್ಬ ವಿತರಕ ಬೇಕು. ಅವರೇ ಎಲ್ಲ ಕಡೆ ಹಾಕುತ್ತಾರೆ, ಹಾಡಿಗೆ ಐಎಸ್‌ಆರ್‌ಸಿ ಅನ್ನುವ ಗುರುತಿನ ಕೋಡ್ ಕೊಡುತ್ತಾರೆ. ಕೆಲವು ವಾರ ಮೊದಲೇ ಕಳಿಸಿದರೆ ನೆಮ್ಮದಿ. 2015ರಿಂದ ಹೊಸ ಹಾಡುಗಳಿಗೆ ಜಗತ್ತಿನಾದ್ಯಂತ ಶುಕ್ರವಾರವೇ ಬಿಡುಗಡೆಯ ದಿನ. ವಾರದ ಕೊನೆಗೆ ಪಂದ್ಯ ಇರುವ ನಮಗೆ ಇದಕ್ಕಿಂತ ಅನುಕೂಲ ಇನ್ನೇನು? ನಿಧಾನವಾಗಿ ಮಾಡಬೇಕಾದ ಕೆಲಸ ಒಂದೇ: ರಾಗ ಯಾರದು, ಸಾಹಿತ್ಯ ಯಾರದು, ಏನಾದರೂ ಕಾಸು ಬಂದರೆ ಯಾರಿಗೆ ಅನ್ನುವುದನ್ನು ಕಾಗದದ ಮೇಲೆ ಬರೆದು ಸಹಿ ಹಾಕುವುದು. ಗೆಳೆಯರ ನಡುವೆ ಇದು ಮುಜುಗರ ಅನಿಸುತ್ತದೆ. ಬರೆದಿಡಿ. ನಾವು ಬರುವ ಕಾಸನ್ನೆಲ್ಲ ಬ್ಯಾನರ್ ಬಟ್ಟೆಗೆ ಅಂತ ಬರೆದೆವು. ಬಂದ ಕಾಸಿಗೆ ಬ್ಯಾನರಿನ ಮೂಲೆಯೂ ಬರಲಿಲ್ಲ, ಆದರೆ ಜಗಳವೂ ಆಗಲಿಲ್ಲ.

ಹಾಡನ್ನು ಮನೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳಿದರು, ಒಬ್ಬರಿಗೊಬ್ಬರು ಕಳಿಸಿಕೊಂಡರು. ಸ್ಟ್ಯಾಂಡಿಗೆ ಬಂದಾಗ ಯಾರೂ ಹಾಡಲಿಲ್ಲ.

ಮೊದಲ ಪಂದ್ಯಕ್ಕೆ ಸಾಹಿತ್ಯ ಅಚ್ಚು ಹಾಕಿಸಿ ಹಂಚಿದ್ದೆವು. ಜನ ಆ ಹಾಳೆಯನ್ನು ಮಡಿಸಿ ಬಿಸಿಲಿಗೆ ಅಡ್ಡ ಹಿಡಿದರು. ಮೈದಾನದ ಸ್ಪೀಕರಿನಲ್ಲಿ ಹಾಡು ಬಂದಾಗ ಸುಮ್ನೆ ಕೇಳುತ್ತಾ ನಿಂತರು. ಆಗ ಹೊಳೆಯಿತು, ಸ್ಪೀಕರ್ ಹಾಡುತ್ತಿದ್ದರೆ ಜನ ಯಾಕೆ ಹಾಡಬೇಕು? ಮುಂದಿನ ಪಂದ್ಯದಿಂದ ಸ್ಪೀಕರಿನಲ್ಲಿ ಹಾಕಬೇಡಿ ಅಂತ ನಾವೇ ಹೇಳಿದೆವು. ಗೇಟಿನ ಹೊರಗೆ, ತಪಾಸಣೆಯ ಸಾಲಿನಲ್ಲಿ ನಿಂತವರ ಜೊತೆ ಶುರು ಮಾಡಿದೆವು. ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸ ಇರುವುದಿಲ್ಲ. ಚರಣ ಬಿಟ್ಟು ಪಲ್ಲವಿ ಮಾತ್ರ, ಬಾಯಿಂದ ಬಾಯಿಗೆ. ಸ್ಟ್ಯಾಂಡಿನ ಒಳಗೆ ಎರಡು ಭಾಗ ಮಾಡಿ, ಎಡಗಡೆಯವರಿಗೆ 'ಗೆದ್ದರೂ', ಬಲಗಡೆಯವರಿಗೆ 'ಸೋತರೂ' ಕೊಟ್ಟೆವು. ಯಾರ ದನಿ ಜೋರು ಅನ್ನುವ ಪೈಪೋಟಿ ಶುರುವಾಯಿತು. ಸೋತರೂ ಅನ್ನುವವರೇ ಗೆದ್ದರು.

ಯಾವಾಗ ಎತ್ತಬೇಕು ಅನ್ನುವುದೂ ಕಲಿಯಬೇಕಾದದ್ದೇ. ನಮ್ಮವರು ದಾಳಿ ಮಾಡುವಾಗ ಹಾಡು ಬೇಡ, ಆಗ ಎಲ್ಲರ ಕಣ್ಣು ಚೆಂಡಿನ ಮೇಲೆ. ಗೋಲು ಬಿಟ್ಟುಕೊಟ್ಟ ತಕ್ಷಣವೂ ಬೇಡ, ಜನ ಮೊದಲು ಬೈದು ಮುಗಿಸಬೇಕು. ಆಟಗಾರನಿಗೆ ಪೆಟ್ಟಾಗಿ ಆಟ ನಿಂತಾಗ, ಎದುರಾಳಿ ಗೋಲ್‌ಕೀಪರ್ ಚೆಂಡಿಟ್ಟುಕೊಂಡು ಹೊತ್ತು ಕಳೆಯುವಾಗ, ಅದು ಒಳ್ಳೆಯ ಸಮಯ. ಹಾಡು ನಿಜವಾಗಿ ಹತ್ತಿದ್ದು ಒಂದು ಮಳೆಯ ದಿನ, 3-0ಯಿಂದ ಹಿಂದೆ ಇದ್ದಾಗ. ಅರ್ಧ ಜನ ಎದ್ದು ಹೋಗಿದ್ದರು. ಉಳಿದವರು ಹೋಗುವವರನ್ನು ನೋಡಿಕೊಂಡು, ಸ್ವಲ್ಪ ಚುಚ್ಚುವ ದನಿಯಲ್ಲಿ 'ಸೋತರೂ ಬರ್ತೀವಿ' ಅಂತ ಶುರು ಮಾಡಿದರು. ಆಟ ಮುಗಿದ ಮೇಲೂ ನಿಲ್ಲಿಸಲಿಲ್ಲ. ಆಟಗಾರರು ತಲೆ ತಗ್ಗಿಸಿಕೊಂಡು ಸ್ಟ್ಯಾಂಡಿನ ಹತ್ತಿರ ಬಂದು ನಿಂತರು.

ನನ್ನ ಚರಣಗಳನ್ನು ಮಾತ್ರ ಇವತ್ತಿನ ತನಕ ಯಾರೂ ಹಾಡಿಲ್ಲ. ಗುನುಗಿದ್ದೂ ಕೇಳಿಲ್ಲ. ಕ್ಲಬ್ಬು ತೆಗೆಸಿದ ಸಾಲು ಮಾತ್ರ ಹೇಗೋ ಹೊರಗೆ ಬಿದ್ದಿದೆ, ಪಕ್ಕದೂರಿನವರ ಮೇಲಿನ ಪಂದ್ಯದಲ್ಲಿ ಅದನ್ನು ಜೋರಾಗಿ ಹಾಡುತ್ತಾರೆ.

ಈ ನಡುವೆ ಒಂದು ಪಂದ್ಯವನ್ನು ತೀರಾ ಕೆಟ್ಟದಾಗಿ ಆಡಿ 1-0ಯಿಂದ ಗೆದ್ದೆವು. ಗೋಲೂ ನಮ್ಮದಲ್ಲ, ಅವರ ಡಿಫೆಂಡರ್‌ನ ಕಾಲಿಗೆ ತಾಗಿ ಒಳಗೆ ಹೋದದ್ದು. ಗೆದ್ದ ಖುಷಿಗೆ ಎಡಗಡೆಯವರು 'ಗೆದ್ದರೂ' ಅಂತ ಎತ್ತಿದರು. ಹಿಂದಿನ ಸಾಲಿನಿಂದ ಯಾರೋ ಒಬ್ಬರು 'ಬೈತೀವಿ' ಅಂದರು. ಸುತ್ತ ನಗು. ಮುಂದಿನ ಪಂದ್ಯಕ್ಕೆ ಇಡೀ ಸ್ಟ್ಯಾಂಡು ಹಾಗೇ ಹಾಡುತ್ತಿತ್ತು: ಗೆದ್ದರೂ ಬೈತೀವಿ, ಸೋತರೂ ಬರ್ತೀವಿ. ನಾನು ಬರೆದದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ. ನಮ್ಮ ಸ್ಟ್ಯಾಂಡಿನ ಸ್ವಭಾವ ಸರಿಯಾಗಿ ಅದೇ.

ಈಗ ಬೇರೆ ಫಜೀತಿ. ಹೊಸದಾಗಿ ಬರುವವರು ಫೋನಿನಲ್ಲಿ ಹಾಡು ಕೇಳಿ, ಸಾಹಿತ್ಯ ತಪ್ಪಿದೆ ಅಂತ ನಮಗೇ ಹೇಳುತ್ತಾರೆ. ಕ್ಲಬ್ಬಿನ ಪ್ರಚಾರ ನೋಡಿಕೊಳ್ಳುವವರು ಫೋನ್ ಮಾಡಿ, ಮೊದಲಿನ ಹಾಗೇ ಹಾಡಲು ಜನರಿಗೆ ಸ್ವಲ್ಪ ಹೇಳ್ತೀರಾ ಅಂದರು. ಯಾರಿಗೆ ಅಂತ ಹೇಳೋಣ? ಸ್ಟ್ಯಾಂಡಿನಲ್ಲೇ ಮೈಕ್ ಇಟ್ಟು ಈಗ ಹಾಡುವ ಹಾಗೆ ಮತ್ತೊಮ್ಮೆ ರೆಕಾರ್ಡ್ ಮಾಡೋಣ ಅಂತ ಗಿಟಾರ್ ಹುಡುಗ. ಹೊಸ ಧ್ವನಿಮುದ್ರಣ ಅಂದರೆ ಹೊಸ ಕೋಡ್, ಹೊಸ ಬಿಡುಗಡೆ, ಕಾನೂನಿನವರಿಂದ ಹೊಸ ಮೇಲ್. ನಾನು ಬೇಡ ಅಂದೆ. ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಅಂತಾಯಿತು. ಅಷ್ಟರಲ್ಲಿ ಮೊನ್ನೆಯ ಪಂದ್ಯದಲ್ಲಿ ಎರಡನೇ ಸಾಲಿಗೂ ಯಾರೋ ಕೈ ಹಾಕಿದ್ದಾರೆ. ಏನಂತ ಇಲ್ಲಿ ಬರೆಯುವ ಹಾಗಿಲ್ಲ.